ತಲೆಕೆಳಗಾದ ಗಿಡ

“ಬೂಟು ಹೊಸದಾ? ಕೆಸರಾದೀತು, ದೂರ ನಿಲ್ಲಿ.”

ತೊರೆಯಲ್ಲಿ ಮೊಣಕಾಲುದ್ದ ನೀರಿಗಿಳಿದಿದ್ದ ಅವಳು ಅವನಿಗೆ ಅಂದ ಮೊದಲ ಮಾತೇ ಅದು. ದಡದಲ್ಲಿದ್ದವನು ನಗರಸಭೆಯ ಇಂಜಿನಿಯರ್. ದಡ ಕುಸಿಯುತ್ತಿದ್ದ ಆ ತೊರೆಗೆ ಕಾಂಕ್ರೀಟ್ ಗೋಡೆ ಕಟ್ಟುವ ಯೋಜನೆ ಅವನದೇ. ಅವಳು ನೀರುಗಿಡ ಬೆಳೆಸುವವಳು. ಮಳೆಗಾಲದೊಳಗೆ ಗಿಡಗಳು ಬೇರೂರಿದರೆ ತೊರೆ ಉಳಿಯುತ್ತದೆ, ಇಲ್ಲದಿದ್ದರೆ ಕಾಂಕ್ರೀಟೇ ಗತಿ.

“ಇವು ನಿಲ್ತವಾ?”

“ನಿಮ್ಮ ಸಿಮೆಂಟಿಗಿಂತ ಚೆನ್ನಾಗಿ.”

ಆದರೆ ದಿನ ಬೆಳಗಾದರೆ ಗಿಡಗಳು ಕಿತ್ತುಬಂದು ತೇಲುತ್ತಿದ್ದವು. ಕೆಲವನ್ನಂತೂ ಯಾರೋ ತಲೆಕೆಳಗಾಗಿ ನೆಟ್ಟಿದ್ದರು... ಎಲೆ ಕೆಸರೊಳಗೆ, ಬಿಳಿ ಬೇರು ಮೇಲೆ. ಪಕ್ಕದಲ್ಲೇ ಆ ಬೂಟಿನ ಗುರುತು.

“ಕಿತ್ತಿದ್ದು ಸಾಲದು ಅಂತ ಗೇಲಿ ಬೇರೆ! ಎಂಥ ಕೀಳು ಮನುಷ್ಯ,” ಎಂದು ಅಕ್ಕನೆದುರು ಹಲ್ಲು ಕಡಿದಳು.

“ಊಟಕ್ಕೆ ಕೂತರೂ ಅವನದೇ ಜಪ ನಿಂಗೆ,” ಎಂದಳು ಅಕ್ಕ.

ಅವಳ ಕೆನ್ನೆ ಬಿಸಿಯಾಯಿತು. ಸಿಟ್ಟಿಗೇ ಇರಬೇಕು.

ಮರುದಿನ ಮುಂಜಾನೆ, ಕಳ್ಳನನ್ನು ಹಿಡಿದೇ ತೀರುವುದೆಂದು ಪೊದೆಯ ಮರೆಯಲ್ಲಿ ಕುಳಿತಳು. ಮೊದಲು ಬಂದದ್ದು ಬಾತುಕೋಳಿಗಳ ಹಿಂಡು. ಎಳೆಯ ಗಿಡಗಳನ್ನು ಕೊಕ್ಕಿನಿಂದ ಕಿತ್ತು ಎಸೆಯತೊಡಗಿದವು. ಹಿಂದೆಯೇ ಅವನು “ಹುಶ್, ಹುಶ್” ಎನ್ನುತ್ತ ನೀರಿಗಿಳಿದ. ತೇಲುತ್ತಿದ್ದ ಗಿಡವೊಂದನ್ನು ಹಿಡಿದು, ಹಿಂದೆಮುಂದೆ ನೋಡಿ, ಮಹಾ ಭಕ್ತಿಯಿಂದ ಎಲೆಯ ಕಡೆಯನ್ನೇ ಕೆಸರಿಗೆ ಒತ್ತಿದ.

ಅಯ್ಯೋ... ಇವನು ಕಳ್ಳನಲ್ಲ, ಶುದ್ಧ ಪೆದ್ದ!

“ರೀ, ನಿಮಗೆ ಡಿಗ್ರಿ ಕೊಟ್ಟವರು ಯಾರು?”

ಅವನು ಬೆಚ್ಚಿ ಕೆಸರಲ್ಲೇ ಕೂತುಬಿಟ್ಟ. “ಬಿಳೀದು ಚಿಗುರು ಅನ್ಕೊಂಡೆ.”

“ಅದು ಬೇರು.”

“ಹೌದಾ.”

“ಗಿಡ ಸತ್ರೆ ನಿಮ್ಮ ಗೋಡೆಗೇ ಲಾಭ. ಮತ್ತೆ ಯಾಕೆ ನೆಡ್ತೀರಿ?”

“ಗೋಡೆ ಬಂದ್ರೆ ನೀವು ಬರಲ್ಲ.” ಅವನು ತಲೆ ಎತ್ತಲಿಲ್ಲ. “ನಿಮ್ಮ ಬೈಗುಳ ಕೇಳದೆ ನಂಗೆ ದಿನ ಹೋಗಲ್ಲ.”

ಅಷ್ಟು ದಿನ ಅವನ ಮೇಲೆ ಕಾರಿದ ತಾತ್ಸಾರವೆಲ್ಲ ತಿರುಗಿ ತನ್ನ ಮುಖಕ್ಕೇ ರಾಚಿದಂತಾಯಿತು. ನಾಚಿಕೆಯಾಯಿತು, ಅಳುವೂ ಬಂತು. ನೀರಿಗಿಳಿದು, ಅವನ ಕೈ ಹಿಡಿದು, ಗಿಡದ ಬೇರನ್ನು ಕೆಸರಿಗೆ ಇಳಿಸಿಕೊಟ್ಟಳು. ಅಂದೇ ಇಬ್ಬರೂ ಸೇರಿ ಗಿಡಗಳ ಮೇಲೆ ಬಲೆ ಬಿಗಿದರು.

ಮಳೆ ಬಂತು. ತೊರೆ ಉಕ್ಕಿ ಹರಿಯಿತು. ನೀರಿಳಿದಾಗ ಗಿಡಗಳು ಹಸಿರಾಗಿ ಅಲ್ಲೇ ನಿಂತಿದ್ದವು. ಗೋಡೆಯ ಯೋಜನೆಯನ್ನು ಅವನೇ ವಾಪಸ್ ತೆಗೆದುಕೊಂಡ.

“ನೀವು ನೆಟ್ಟಿದ್ರಲ್ಲಿ ಒಂದನ್ನ ಹಾಗೇ ಬಿಟ್ಟಿದ್ದೆ,” ಎಂದಳು ಅವಳು. “ತಲೆಕೆಳಗಾಗೇ ಇತ್ತು. ಹೇಗೋ ಬಾಗಿ ಬೇರು ಬಿಟ್ಟಿದೆ. ಮಾನಗೆಟ್ಟದ್ದು.”

“ನನ್ನ ಥರ?”

“ಇನ್ನೇನು.” ಅವಳ ಕಣ್ಣು ತುಂಬಿತ್ತು. “ಅಕ್ಕನ ಹತ್ರ ಬಂದು ಹೆಣ್ಣು ಕೇಳ್ತೀರೋ, ಅದನ್ನೂ ನಾನೇ ಕೈ ಹಿಡಿದು ಕಲಿಸ್ಬೇಕೋ?”

“ಕೈ ಹಿಡೀರಿ,” ಎಂದ ಅವನು. “ಉಳಿದದ್ದು ಕಲೀತೀನಿ.”