ಏಳನೇ ಪ್ರಶ್ನೆ

“ನಿಮ್ಮಷ್ಟು ಗಟ್ಟಿ ಗುಂಡಿಗೆಯವರನ್ನ ನಾನು ನೋಡೇ ಇಲ್ಲ,” ಎಂದ ಹೂಡಿಕೆ ಸಲಹೆಗಾರ, ನಾನು ತುಂಬಿದ ಫಾರ್ಮ್ ನೋಡುತ್ತ.

ಅಕ್ಕ ಹೋಗಿ ಐದು ತಿಂಗಳಾಗಿತ್ತು. ಅವಳ ವಿಮೆಯ ಹಣ ನನ್ನ ಖಾತೆಗೆ ಬಂದು ಬಿದ್ದಿತ್ತು. ನಾನು ಹಲ್ಲಿನ ಸೆಟ್ ತಯಾರಿಸುವವಳು, ದಿನವಿಡೀ ಬೇರೆಯವರ ನಗುವಿಗೆ ಹೊಳಪು ಕೊಡುವುದು ನನ್ನ ಕೆಲಸ. ಅಷ್ಟು ದೊಡ್ಡ ಗಂಟನ್ನು ಏನು ಮಾಡಬೇಕೆಂದು ಹೊಳೆಯದೆ ಇಲ್ಲಿಗೆ ಬಂದಿದ್ದೆ.

ಅವನು ಏಳನೇ ಪ್ರಶ್ನೆಯ ಮೇಲೆ ಪೆನ್ನಿಟ್ಟ. “ಒಂದೇ ತಿಂಗಳಲ್ಲಿ ಅರ್ಧ ಹಣ ಕರಗಿಹೋದ್ರೆ?”

“ಏನೂ ಅನ್ಸಲ್ಲ.”

“ಪೂರ್ತಿ ಹೋದ್ರೆ?”

“ಹೋದ್ರೆ ಹೋಯ್ತು.”

ಕಂಪ್ಯೂಟರ್ ನನ್ನನ್ನು ಮಹಾಧೈರ್ಯಶಾಲಿಗಳ ಪಟ್ಟಿಗೆ ಸೇರಿಸಿತ್ತು. ಎಲ್ಲವನ್ನೂ ಷೇರಿಗೆ ಹಾಕಬಹುದಂತೆ.

“ಹಾಕ್ಬಿಡಿ,” ಅಂದೆ.

ಅವನು ಕನ್ನಡಕ ತೆಗೆದು, ಅಂಗಿಯ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನೇ ನೋಡಿದ. ಬೇರೆ ಸಮಯವಾಗಿದ್ದರೆ ನಾಚಿಕೊಳ್ಳುತ್ತಿದ್ದೆನೇನೋ.

“ಹಾಕಲ್ಲ. ಇದು ಧೈರ್ಯ ಅಲ್ಲ. ಅಪ್ಪ ಹೋದಾಗ ನಾನೂ ಹೀಗೇ ಇದ್ದೆ. ಕಾಫಿಗೆ ನಾಲಿಗೆ ಸುಟ್ರೂ ಗೊತ್ತಾಗ್ತಿರ್ಲಿಲ್ಲ. ಆರು ತಿಂಗಳು ಠೇವಣೀಲಿ ಇಡಿ. ಆಮೇಲೆ ಇದೇ ಫಾರ್ಮ್ ಮತ್ತೆ ತುಂಬೋಣ.”

“ನಿಮ್ಗೆ ಕಮಿಷನ್?”

“ಬಾಸ್ ಹತ್ರ ಬೈಗುಳ ಸಿಗುತ್ತೆ.”

ಆಮೇಲೆ ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದ. ಹಣದ ಮಾತೇ ಇಲ್ಲ. “ಹೇಗಿದೆ?” ಅಂದರೆ “ಹಾಗೇ ಇದೆ” ಅನ್ನುತ್ತಿದ್ದೆ. ಅಷ್ಟೇ.

ನಾಲ್ಕನೇ ತಿಂಗಳು ಫೋನ್ ಬರಲಿಲ್ಲ. ಅರ್ಧ ಉಜ್ಜಿದ ಹಲ್ಲಿನ ಸೆಟ್ ಕೈಯಲ್ಲಿಟ್ಟುಕೊಂಡು ಮೂರು ದಿನ ಕಾದೆ. ಕೊನೆಗೆ ನಾನೇ ಮಾಡಿದೆ.

“ಜ್ವರ, ಗಂಟಲು ಕಟ್ಟಿತ್ತು,” ಎಂದ ಗೊಗ್ಗರು ದನಿಯಲ್ಲಿ.

“ಒಂದು ಮೆಸೇಜ್ ಹಾಕೋಕೇನಾಗಿತ್ತು ನಿಮ್ಗೆ?” ಎಂದು ರೇಗಿದೆ. ರೇಗಿದ್ದು ಕೇಳಿ ನನಗೇ ಆಶ್ಚರ್ಯವಾಯಿತು.

ಆರು ತಿಂಗಳು ತುಂಬಿದ ದಿನ ಅದೇ ಮೇಜು, ಅದೇ ಫಾರ್ಮ್. ಏಳನೇ ಪ್ರಶ್ನೆಗೆ ಬಂದಾಗ ಪೆನ್ನು ನಿಂತಿತು. ಆ ಹಣ ಅಕ್ಕ ನನಗೆಂದು ಬಿಟ್ಟುಹೋದದ್ದು. ಅದೂ ಹೋದರೆ? ‘ತುಂಬಾ ಹೆದರುತ್ತೇನೆ’ ಎಂಬಲ್ಲಿ ಟಿಕ್ ಹಾಕಿದೆ. ಕಾಗದದ ಮೇಲೆ ಒಂದು ಹನಿ ಬಿತ್ತು. ಅಕ್ಕ ಹೋದ ಮೇಲೆ ಮೊದಲ ಹನಿ.

ಅವನು ಅದನ್ನು ಒರೆಸಲಿಲ್ಲ. ಫಾರ್ಮನ್ನು ಹಾಗೇ ಎತ್ತಿ ಪಕ್ಕದ ಮೇಜಿನ ಹಿರಿಯರಿಗೆ ಕೊಟ್ಟ.

“ಇನ್ಮೇಲೆ ನಿಮ್ಮ ಹಣ ಇವರು ನೋಡ್ಕೋತಾರೆ.”

ಕುರ್ಚಿಯಿಂದ ಅರ್ಧ ಎದ್ದೆ. “ಯಾಕೆ? ನೀವು?”

“ಕ್ಲೈಂಟನ್ನ ಕಾಫಿಗೆ ಕರೆಯೋ ಹಾಗಿಲ್ಲ. ಆಫೀಸ್ ರೂಲ್ಸು,” ಎಂದ. ಕಿವಿ ಕೆಂಪಾಗಿತ್ತು. “ಆರು ತಿಂಗಳಿಂದ ಕರೀಬೇಕು ಅಂತಿದ್ದೆ.”

ಕೆಳಗಿನ ಅಂಗಡಿಯಲ್ಲಿ ಕಾಫಿ ಕುದಿಯುವಷ್ಟು ಬಿಸಿಯಿತ್ತು. ಒಂದು ಗುಟುಕು ಹೀರಿ, “ಅಯ್ಯೋ, ನಾಲಿಗೆ ಸುಟ್ಟೋಯ್ತು!” ಅಂದೆ.

ಅವನು ಮನಸಾರೆ ನಕ್ಕ.