ಕಟ್ಟಿದ ಮೂಗಿನೊಳಗೆ ಏನಿತ್ತು?

ಬಚ್ಚಲುಮನೆಯ ಕನ್ನಡಿಯ ಮುಂದೆ ಚಿನಕುರುಳಿ ಮತ್ತೊಮ್ಮೆ ಜೋರಾಗಿ ಮೂಗು ಸೀಟಿದಳು. ಕರವಸ್ತ್ರ ಬಿಡಿಸಿ ನೋಡಿದರೆ ಏನೂ ಇಲ್ಲ. ಮೂಗು ಮಾತ್ರ ಗಟ್ಟಿಯಾಗಿ ಕಟ್ಟಿತ್ತು.

ಖಾಲಿ ಮೂಗು ಕಟ್ಟುವುದು ಹೇಗೆ?

ಯೋಚಿಸುತ್ತಾ ಕೂರಲು ಸಮಯವಿರಲಿಲ್ಲ. ನಾಳೆ ಶಾಲೆಯ ಅಸೆಂಬ್ಲಿಯಲ್ಲಿ ವಾರ್ತೆ ಓದುವ ಸರದಿ ಅವಳದು. ಈಗ ಬಾಯಿಬಿಟ್ಟರೆ “ನಮಸ್ಕಾರ” ಹೋಗಿ “ದಬಸ್ಕಾರ” ಆಗುತ್ತಿತ್ತು. ಅಪ್ಪನ ನೆಗಡಿಗೆ ತಂದಿದ್ದ ಡ್ರಾಪ್ಸ್ ಬಾಟಲಿಯನ್ನು ಮೆಲ್ಲಗೆ ಕೈಗೆತ್ತಿಕೊಂಡಳು.

ಧಡ್! ಚಿಕ್ಕಮ್ಮ ಭುಜಕೊಟ್ಟು ಬಾಗಿಲು ತಳ್ಳಿ ಒಳಬಂದಳು.

“ದರಿದ್ರ ಬಾಗಿಲು! ನೀರು ಕುಡಿದು ಊದ್ಕೊಂಡು ಕೂತಿದೆ.” ಅಷ್ಟರಲ್ಲಿ ಬಾಟಲಿ ಅವಳ ಕಣ್ಣಿಗೆ ಬಿತ್ತು. ಚಿಕ್ಕಮ್ಮ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. “ಅದು ದೊಡ್ಡವರ ಔಷಧಿ ಕಣೇ! ಎಷ್ಟು ದಿನದಿಂದ ಹಾಕ್ಕೊಳ್ತಿದ್ದೀಯ?”

“ಹೋದ ವಾರದಿಂದ. ಹಾಕಿದ ತಕ್ಷಣ ಬಿಡುತ್ತೆ, ಚಿಕ್ಕಿ. ಆಮೇಲೆ ಮೊದಲಿಗಿಂತ ಜೋರಾಗಿ ಕಟ್ಟುತ್ತೆ. ಆದ್ರೆ ಒಳಗೆ ಏನೂ ಇಲ್ಲ! ಮತ್ತೆ ಅಡ್ಡ ಇರೋದೇನು?”

ಬೈಯಲು ಬಾಯಿ ತೆರೆದಿದ್ದ ಚಿಕ್ಕಮ್ಮ ತಡೆದುಕೊಂಡಳು. ಬಾಗಿಲನ್ನು ತೋರಿಸಿದಳು. “ಇದರ ಸಂದಿಯಲ್ಲಿ ಏನಾದ್ರೂ ಸಿಕ್ಕಿಕೊಂಡಿದ್ಯಾ, ನೋಡು.”

ಚಿನಕುರುಳಿ ಬಗ್ಗಿ ನೋಡಿದಳು. “ಇಲ್ಲ. ಬಾಗಿಲೇ ಊದಿದೆ... ಓ! ಮೂಗಿನ ಗೋಡೆನೂ ಊದಿದ್ಯಾ?”

“ಹ್ಞೂಂ. ಅಲ್ಲಿ ಸಣ್ಣ ಸಣ್ಣ ರಕ್ತನಾಳ ಇರುತ್ತೆ. ನೆಗಡಿ ಆದಾಗ ಅವು ಉಬ್ಬುತ್ವೆ. ಡ್ರಾಪ್ಸ್ ಅವನ್ನ ಕುಗ್ಗಿಸುತ್ತೆ, ಗಾಳಿಗೆ ದಾರಿ ಆಗುತ್ತೆ. ಔಷಧಿ ಪ್ರಭಾವ ಇಳಿದಾಗ ಮತ್ತೆ ಉಬ್ಬುತ್ವೆ. ಎರಡು ಮೂರು ದಿನ ದಾಟಿದ್ಮೇಲೂ ಹಾಕ್ತಾನೇ ಇದ್ರೆ, ನೆಗಡಿ ಹೋದ್ರೂ ಊತ ಹೋಗಲ್ಲ.”

“ಅಂದ್ರೆ ಈಗ ಮೂಗು ಕಟ್ಟಿಸ್ತಿರೋದು ಈ ಬಾಟಲಿನೇನಾ?”

ಚಿಕ್ಕಮ್ಮ ಬಾಟಲಿಗಾಗಿ ಕೈ ಚಾಚಿದಳು. “ಸಂಜೆ ಡಾಕ್ಟರ್ ಹತ್ರ ಹೋಗೋಣ.”

“ನಾಳೆ ಒಂದೇ ಒಂದು ಸಲ ಹಾಕ್ಕೊಳ್ಳಲಾ? ಎಲ್ಲರೂ ನಗ್ತಾರೆ, ಚಿಕ್ಕಿ.”

ಚಾಚಿದ ಕೈ ಹಾಗೇ ಇತ್ತು. ಚಿನಕುರುಳಿ ಬಾಟಲಿಯನ್ನು ನೋಡಿದಳು, ಬಾಗಿಲನ್ನು ನೋಡಿದಳು. ಬಾಟಲಿ ಕೊಟ್ಟುಬಿಟ್ಟಳು.

ಮರುದಿನ ಮೈಕಿನಲ್ಲಿ “ದಬಸ್ಕಾರ” ಕೇಳಿದ್ದೇ ತಡ, ಇಡೀ ಅಸೆಂಬ್ಲಿ ಗೊಳ್ಳೆಂದು ನಕ್ಕಿತು. ಅವಳ ಕಿವಿ ಬಿಸಿಯಾಯಿತು. ಆದರೂ ವಾರ್ತೆಯನ್ನು ಕೊನೆಯ ಸಾಲಿನವರೆಗೂ ಓದಿಯೇ ಕೆಳಗಿಳಿದಳು.

ಡಾಕ್ಟರ್ ಬರೀ ಉಪ್ಪುನೀರಿನ ಹನಿ ಕೊಟ್ಟಿದ್ದರು. ಅದರಲ್ಲಿ ಮ್ಯಾಜಿಕ್ ಇರಲಿಲ್ಲ. ಕೆಲವು ರಾತ್ರಿ ಬಾಯಲ್ಲೇ ಉಸಿರಾಡಬೇಕಾಯಿತು.

ಒಂದು ಬೆಳಿಗ್ಗೆ ಬಚ್ಚಲುಮನೆಯಲ್ಲಿ ಅವಳಿಗೆ ಸೋಪಿನ ವಾಸನೆ ಬಂತು. ಹಲ್ಲುಜ್ಜುತ್ತಿದ್ದವಳು ಹಾಗೇ ನಿಂತಳು. ಒಂದು ಹೊಳ್ಳೆಯಲ್ಲಿ ತಣ್ಣನೆಯ ಗಾಳಿ, ತಾನಾಗಿಯೇ.

ಹೊರಗೆ ಹೋಗುವಾಗ ಅವಳು ಎಂದಿನಂತೆ ಬಾಗಿಲನ್ನು ಒದ್ದು ಮುಚ್ಚಲಿಲ್ಲ. ಒಣಗಲಿ ಎಂದು ಅಗಲವಾಗಿ ತೆರೆದಿಟ್ಟಳು.