ಕರೆಂಟ್ ಉಳಿಸಿದ ಆ ಭಾನುವಾರ

"ಯಾರರೆ ಅದೀರೇನ್ರೀ ಹೊರಗ? ಬಾಗಲಾ ತಗೀರಿ!"

ಕತ್ತಲೆ ತುಂಬಿದ ಲಿಫ್ಟಿನೊಳಗೆ ಕೇತಕಿ ಎರಡೂ ಕೈಯಿಂದ ಬಾಗಿಲು ಬಡಿಯುತ್ತಿದ್ದಳು.

ಯಾರೋ ಓಡಿಬಂದ ಸದ್ದು. "ಹೆದರಬ್ಯಾಡ್ರಿ! ಈಗ ಚಾಲೂ ಮಾಡ್ತೀನಿ!"

ದೀಪ ಹತ್ತಿತು. ಲಿಫ್ಟ್ ಅಲುಗಿ ಕೆಳಗಿಳಿಯಿತು. ಬಾಗಿಲು ತೆರೆದಾಗ ಎದುರಿಗೆ ಒಬ್ಬ ಯುವಕ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ.

"ತಪ್ಪಾತ್ರಿ. ಒಳಗ ಯಾರೂ ಇಲ್ಲಂತ ತಿಳಿದು ಬಂದ್ ಮಾಡಿದ್ನಿ. ಮಧ್ಯಾಹ್ನ ಮಂದಿ ಕಡಿಮಿ, ಕರೆಂಟ್ ಉಳೀತೈತಿ ಅಂತ..."

"ನಿಮ್ಮ ಕರೆಂಟ್ ಉಳಿಸಾಕ ನನ್ನ ಜೀವಾ ಹೋಗಬೇಕಾಗಿತ್ತೇನ್ರೀ?"

ಸಿಟ್ಟಿನ ಜೊತೆ ಕಣ್ಣಲ್ಲಿ ನೀರೂ ಬಂದುಬಿಟ್ಟಿತ್ತು. ಅದನ್ನು ಅವನು ನೋಡಬಾರದೆಂದು ಕೇತಕಿ ದಬದಬನೆ ಮೆಟ್ಟಿಲು ಹತ್ತಿ ಹೋದಳು.

ಅವನ ಹೆಸರು ಅನಿಕೇತ. ಬೈಲಹೊಂಗಲ ಕಡೆಯವನು, ಖಾನಾಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ. ಹಿಂದವಾಡಿಯ ಈ ಅಪಾರ್ಟ್‌ಮೆಂಟಿಗೆ ಬಂದು ಸ್ವಲ್ಪ ದಿನವಾಗಿತ್ತು, ಅಷ್ಟರಲ್ಲೇ ಕಟ್ಟಡದ ಕರೆಂಟ್ ಖರ್ಚು ಇಳಿಸುವ ಕೆಲಸವನ್ನು ಎಲ್ಲರೂ ಸೇರಿ ಅವನ ಕೊರಳಿಗೆ ಕಟ್ಟಿದ್ದರು.

ಮರುದಿನ ಸಂಜೆ ಮತ್ತೆ ಕ್ಷಮೆ ಕೇಳಲು ಅವಳ ಬಾಗಿಲಿಗೇ ಬಂದ.

"ಇನ್ನ ಮ್ಯಾಲ ಒಳಗ ಇಣಕಿ ನೋಡದ ಲಿಫ್ಟ್ ಬಂದ್ ಮಾಡೂದಿಲ್ರೀ. ಖರೇನ ಹೇಳಾಕತ್ತೀನಿ."

ಶಾಲಾ ಹುಡುಗನಂತೆ ನಿಂತಿದ್ದ ಅವನನ್ನು ನೋಡಿ ಕೇತಕಿಯ ಸಿಟ್ಟು ಅರ್ಧ ಇಳಿಯಿತು.

"ಲಿಫ್ಟ್ ಬಿಡ್ರಿ. ನಮ್ಮ ಮನಿ ಬಿಲ್ ನೋಡಿದ್ರ ನಿಮಗ ಚಕ್ರ ಬರ್ತೈತಿ! ನಾ ಒಬ್ಬಾಕಿ ಇರ್ತೀನಿ, ದಿನಾ ಉದ್ಯಮಬಾಗಕ್ಕ ಆಫೀಸಿಗೆ ಹೋಗ್ತೀನಿ. ಆದ್ರೂ ಅಷ್ಟ್ಯಾಕ ಬರ್ತೈತಿ?"

ಅನಿಕೇತ ಒಳಗೆ ಬಂದು ಒಂದು ಕಾಗದದ ತುಂಡನ್ನು ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿದ. ಅದು ಜಾರಿ ಕೆಳಗೆ ಬಿತ್ತು.

"ರಬ್ಬರ್ ಸಡಲ ಆಗೈತ್ರಿ. ತಂಪೆಲ್ಲಾ ಹೊರಗ ಹೊಂಟೈತಿ. ಫ್ರಿಜ್ ಗೋಡಿಗೆ ಅಂಟಿ ಕುಂತೈತಿ, ಸ್ವಲ್ಪ ಮುಂದ ಸರಸ್ರಿ... ಈ ಗೀಝರ್ ಯಾವಾಗ ಬಂದ್ ಮಾಡ್ತೀರಿ?"

"ಬಂದ್... ಮಾಡಬೇಕೇನ್ರೀ?"

ಒಂದು ಕ್ಷಣ ಇಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ!

ಮುಂದಿನ ಬಿಲ್ ಬಂದಾಗ ಕೇತಕಿ ಅದನ್ನು ಹಿಡಿದು ಅವನ ಮನೆಗೇ ಓಡಿದಳು. "ಅರ್ಧಕ್ಕ ಇಳದೈತ್ರೀ!" ಅವಳ ಮುಖದ ಬೆಳಕನ್ನು ಅನಿಕೇತ ನೋಡುತ್ತಲೇ ಉಳಿದ. ಬಿಲ್ ನೋಡಲೇ ಇಲ್ಲ.

ಅಲ್ಲಿಂದ ದಿನವೂ ಒಂದು ನೆಪ. ಒಂದು ಚಹಾ, ಒಂದು ಮಾತು. ಕರೆಂಟ್ ಉಳಿಸುವುದು ಕೇತಕಿಗೆ ಹುಚ್ಚೇ ಆಗಿಹೋಯಿತು. ಊರಿಗೆ ಹೊರಟರೆ ಫ್ರಿಜ್ ಖಾಲಿ ಮಾಡಿ ಮೇನ್ ಸ್ವಿಚ್ಚನ್ನೇ ಆರಿಸಿ ಹೋಗುತ್ತಿದ್ದಳು.

ಜನವರಿಯ ಒಂದು ಶನಿವಾರ, ಖಾನಾಪುರದಲ್ಲಿದ್ದ ತಾಯಿಯ ಮನೆಗೆ ಹೊರಟಿದ್ದವಳನ್ನು ಅವನು ಗೇಟಿನ ಹತ್ತಿರ ನಿಲ್ಲಿಸಿದ.

"ನಾಳೆ ಸಂಜಿಗೆ ನಿಮ್ಮ ಮನಿಗೆ ಬರ್ತೀನಿ. ಒಂದು ಮಾತು ಕೇಳೂದೈತಿ. ನಿಮಗ ಮನಸ್ಸಿಲ್ಲಂದ್ರ... ಬಾಗಲಾ ತಗೀಬ್ಯಾಡ್ರಿ. ನಾ ಮತ್ತ ಎಂದೂ ಆ ಮಾತು ಎತ್ತೂದಿಲ್ಲ."

ಕೇತಕಿ ತಲೆ ತಗ್ಗಿಸಿ ಮುಗುಳ್ನಕ್ಕಳು. 'ಹುಚ್ಚ! ಬಾಗಿಲು ತೆಗೆಯದೆ ಇರ್ತೀನೇನು?'

ಭಾನುವಾರ ಮಧ್ಯಾಹ್ನವೇ ಮರಳಿ ಬಂದು, ಸಂಜೆಯಾಗುತ್ತಲೇ ಹೋಳಿಗೆಗೆ ಕುಕ್ಕರಿನಲ್ಲಿ ಬೇಳೆ ಇಟ್ಟಳು. ಅಡುಗೆಮನೆಯ ಕಿಟಕಿಯಿಂದ ಇಳಿಬಿಸಿಲು ಇನ್ನೂ ಧಾರಾಳವಾಗಿ ಬೀಳುತ್ತಿತ್ತು. ಕೈ ಹೂರಣದಲ್ಲಿ, ಕಿವಿ ಬಾಗಿಲಲ್ಲಿ.

ಬಿಸಿಲು ಹೋಯಿತು. ಅವಳು ಮೇನ್ ಸ್ವಿಚ್ ಹಾಕಿ ದೀಪ ಹಚ್ಚಿದಳು. ಹೋಳಿಗೆ ಆರಿದವು. ಅವನು ಬರಲಿಲ್ಲ.

'ಫೋನ್ ಮಾಡಲೇ? ಬೇಡ. ಬರುತ್ತೇನೆ ಎಂದವನು ತಾನೇ ಬರಲಿಲ್ಲ. ಮನಸ್ಸು ಬದಲಾಗಿರಬೇಕು... ನಾನೇ ಹೋಗಿ ಬೇಡಿಕೊಳ್ಳಲೇ?'

ಮರುದಿನ ಮೆಟ್ಟಿಲಲ್ಲಿ ಎದುರಾದ ಅನಿಕೇತ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ತಲೆಯೆತ್ತದೆ ಇಳಿದು ಹೋದ. ಅದೇ ವಾರ ಖಾನಾಪುರದಲ್ಲೇ ಒಂದು ಬಾಡಿಗೆ ಖೋಲಿ ಹಿಡಿದು ಹೊರಟೇ ಹೋದ.

ಕೇತಕಿಯ ಮನೆ ಚೊಕ್ಕವಾಗಿತ್ತು, ಬಿಲ್ ಇಳಿದಿತ್ತು. ಆದರೂ ಒಳಗೆ ಕಾಲಿಟ್ಟರೆ ಅಳು ಬರುತ್ತಿತ್ತು.

ಒಂದು ದಿನ ಎದುರು ಮನೆಯ ಬಾಳವ್ವಜ್ಜಿ ಮೆಂತ್ಯ ಸೊಪ್ಪು ಬಿಡಿಸುತ್ತ ಅವಳನ್ನು ಕರೆದರು.

"ಯವ್ವಾ, ಒಂದು ಕೇಳ್ತೀನಿ ಸಿಟ್ಟಾಗಬ್ಯಾಡ. ಆ ಮಾಸ್ತರ ಮ್ಯಾಲ ನಿನಗೇನ ಅಷ್ಟ ಸಿಟ್ಟು? ಅವತ್ತ ಐತವಾರ ಹೊಸಾ ಅಂಗಿ ಹಾಕ್ಕೊಂಡ ನಿನ್ನ ಬಾಗಲದಾಗ ಎಷ್ಟ ಹೊತ್ತ ನಿಂತಿದ್ದ! ಗಂಟಿ ಒತ್ತಿದಾ, ಒತ್ತಿದಾ... ಒಳಗ ನಿನ್ನ ಕುಕ್ಕರ್ ಸೀಟಿ ಹೊಡ್ಯಾಕತ್ತಿತ್ತು. ನೀ ಬಾಗಲಾ ತಗೀಲಿಲ್ಲ."

ಕೇತಕಿ ತಿರುಗಿ ತನ್ನ ಬಾಗಿಲಿನ ಗಂಟೆಯನ್ನು ನೋಡಿದಳು.

"ಗಂಟಿ... ಆಗಲಿಲ್ಲ ಅಜ್ಜಿ! ನಾ ಮೇನ್ ಬಂದ್ ಮಾಡಿದ್ನಿ! ಗಂಟಿ ಹ್ಯಾಂಗ ಆಗ್ತೈತಿ?"

"ಅಯ್ಯ ಶಿವನ! ಮತ್ತ ಇಲ್ಲೇನ ನಿಂತೀ? ಹೋಗ!"

ಅವಳು ಸಿಕ್ಕ ಬಸ್ಸು ಹತ್ತಿದಳು. ಖಾನಾಪುರ ಬರುವವರೆಗೂ ಕಣ್ಣೊರೆಸಿಕೊಳ್ಳುತ್ತಲೇ ನಗುತ್ತಿದ್ದಳು. 'ಬಂದಿದ್ದ... ಅವನು ಬಂದಿದ್ದ!'

ಕಾಲೇಜು ಬಿಟ್ಟಿತ್ತು. ಗೇಟಿನಿಂದ ಹೊರಬಂದ ಅನಿಕೇತ ಅವಳನ್ನು ಕಂಡು ಅಲ್ಲೇ ನಿಂತ. ಮುಖ ಸೊರಗಿತ್ತು.

"ಕೇತಕಿ... ನೀವಿಲ್ಲಿ?"

"ಬಾಗಲಾ ಬಡೀಬೇಕಾಗಿತ್ತಿಲ್ಲೋ ನೀವು?" ಅವಳು ಅವನ ಎದುರಿಗೇ ಬಂದು ನಿಂತಳು. "ಮನಿಯಾಗ ಕರೆಂಟ ಇರಲಿಲ್ಲ. ಊರಿಂದ ಬಂದಾಕಿ ಮೇನ್ ಹಾಕೂದ ಮರತಿದ್ನಿ. ನಿಮ್ಮ ಸಲುವಾಗಿ ಹೋಳಿಗಿ ಮಾಡ್ಕೋತ ಕುಂತಿದ್ನಿ... ನೀವ ಬರಲಿಲ್ಲಂತ ಎಷ್ಟ ಅತ್ತೀನಿ ಗೊತ್ತೈತೇನು?"

ಅನಿಕೇತ ಕಂಪೌಂಡಿನ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಇಷ್ಟು ದಿನ ಎದೆಯ ಮೇಲಿದ್ದ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಿತ್ತು.

"ಕುಕ್ಕರ್ ಸೀಟಿ ಕೇಳಿ, ಒಳಗ ಅದೀರಿ, ಬೇಕಂತನ ತಗೀಲಿಲ್ಲ ಅನ್ಕೊಂಡ್ನಿ. ನಿಮ್ಮ ಮನಿ ಮಾತು ಮರಾಠಿ, ನಮ್ಮದು ಕನ್ನಡ... ಮನಿಯಾಗ ಒಪ್ಪಿರಲಿಕ್ಕಿಲ್ಲ, ಬಾಯಿಬಿಟ್ಟ ಹೇಳಾಕ ಸಂಕಟ ಆಗೈತಿ ಅಂತ ನಾನ ದೂರ ಬಂದ್ನಿ."

"ಅವತ್ತ ಕೇಳೂದಿತ್ತಲ್ಲ, ಅದನ್ನ ಈಗ ಕೇಳ್ರಿ."

"ಇಲ್ಲೇನು? ರಸ್ತಾದಾಗ?"

"ಹೂಂ. ನಾ ಇನ್ನ ಕಾಯೂದಿಲ್ಲ!"

"ನನ್ನ ಮದಿವಿ ಆಗ್ತೀರೇನು, ಕೇತಕಿ?"

ಉತ್ತರಕ್ಕೆ ಅವಳು ಅವನ ಕೈ ಹಿಡಿದು, ತಾಯಿಯ ಮನೆಯ ಕಡೆಗೆ ಎಳೆದುಕೊಂಡೇ ಹೋದಳು.

ಕೇತಕಿಯ ತಾಯಿ ಕುಂದಾ ಆಯಿ ಅಂಗಳದಲ್ಲಿ ಶೇಂಗಾ ಒಣಗಿಸುತ್ತಿದ್ದರು. ಮಗಳ ಕೆಂಪಾದ ಕಣ್ಣು, ಹುಡುಗನ ಬೆವೆತ ಮುಖ, ಹಿಡಿದ ಕೈ ಎಲ್ಲವನ್ನೂ ಒಂದು ಸುತ್ತು ನೋಡಿದರು.

"ಬಸ ಬಾಳಾ," ಎಂದರು ಆಯಿ ಕೊನೆಗೆ. "ಜೇವೂನಚ ಜಾ." ನಗುತ್ತ ಒಳಗೆ ಹೋದರು.

ಅನಿಕೇತ ಗಾಬರಿಯಿಂದ ಪಿಸುಗುಟ್ಟಿದ. "ಬೈದ್ರೇನು?"

"ಕುಂದರು ಮಗನ, ಊಟ ಮಾಡ್ಕೊಂಡನ ಹೋಗು ಅಂದ್ಳು."

ಅವನು ಕಟ್ಟೆಯ ಮೇಲೆ ಕುಸಿದು ಕುಳಿತು ಜೋರಾಗಿ ಉಸಿರು ಬಿಟ್ಟ. "ಇನ್ನ ಮ್ಯಾಲ ಆಯಿ ಅಂದದ್ದೆಲ್ಲಾ ನೀವ ನನಗ ಕನ್ನಡದಾಗ ಹೇಳಬೇಕ್ರಿ."

"ಬೈದ್ರ ಹೇಳ್ತೀನಿ. ಹೊಗಳಿದ್ರ ಹೇಳೂದಿಲ್ಲ."

"ಯಾಕ?"

"ನೀ ಭಾಳ ಉಬ್ಬತೀ."

ಅನಿಕೇತ ತಟ್ಟನೆ ತಲೆಯೆತ್ತಿದ. "ಏನಂದಿ? ನೀ ಅಂದೇನು?"

ಕೇತಕಿಯ ಕೆನ್ನೆ ಕೆಂಪಾಯಿತು.

"ಕೈ ತೊಳ್ಕೊ... ಊಟಕ್ಕ ಬಾ."